ಊರಲ್ಲೇ ಬುಕ್ ಮಾಡಿ

ನನ್ನ ಗಂಡ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ಸಂಗತಿಗಳಲ್ಲಿ ಅದು ಅಷ್ಟಾಗಿ ಕಾಣಿಸುವುದಿಲ್ಲ.

ಆಗ ನಾವು ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನಲ್ಲಿದ್ದೆವು. ರಿಸೆಷನ್ ಬಂದು ಸುತ್ತಲಿನ ಕಾರಿನ ವ್ಯವಹಾರವೆಲ್ಲ ನೆಲ ಕಚ್ಚಿದ್ದ ಕಾಲ. ನಾನು ಕೆಲಸ ಮಾಡುತ್ತಿದ್ದ ಸಣ್ಣ ಆಫೀಸೂ ಬಾಗಿಲು ಹಾಕಿತು. ಕೆಲಸ ಹೋದದ್ದಕ್ಕಿಂತ ನನಗೆ ಹೆಚ್ಚು ಹೊಟ್ಟೆ ಉರಿದದ್ದು ರೈಡ್ ಹೋದದ್ದಕ್ಕೆ. ದಿನಾ ಬೆಳಿಗ್ಗೆ ಪಕ್ಕದ ಬೀದಿಯ ಸಹೋದ್ಯೋಗಿಯೊಬ್ಬಳು ತನ್ನ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಆಫೀಸು ಮುಚ್ಚಿದ ತಿಂಗಳೊಳಗೆ ಅವಳು ಗಂಟುಮೂಟೆ ಕಟ್ಟಿಕೊಂಡು ಟೆಕ್ಸಾಸ್‌ಗೆ ಹೊರಟುಹೋದಳು. ನಾನು ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯೊಳಗೆ ಉಳಿದೆ.

ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ ಎಂದಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗಲೇ ಕಲಿತಿದ್ದೆ. ಮಿಶಿಗನ್ ಲೈಸೆನ್ಸೂ ಪರ್ಸಿನಲ್ಲಿತ್ತು. ಅದು ಬ್ಯಾಂಕಿನಲ್ಲಿ ಗುರುತು ತೋರಿಸುವುದಕ್ಕೆ ಮಾತ್ರ. ಲೈಸೆನ್ಸ್ ಕೈಗೆ ಬಂದ ವಾರವೇ ಫ್ರೀವೇಗೆ ಸೇರುವ ರ‍್ಯಾಂಪಿನ ತುದಿಯಲ್ಲಿ ಹೆದರಿ ಕಾರು ನಿಲ್ಲಿಸಿಬಿಟ್ಟಿದ್ದೆ. ಹಿಂದಿನಿಂದ ಬಂದ ಟ್ರಕ್ಕಿನವನು ಹೊಡೆದ ಹಾರ್ನ್‌ಗೆ ನನ್ನ ಜೀವ ಬಾಯಿಗೆ ಬಂದಿತ್ತು. ಆಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ಹೋಗಲಿ, ನಡೆದಾದರೂ ಹೋಗೋಣವೆಂದರೆ ನಮ್ಮ ಕಡೆಯ ಫುಟ್‌ಪಾತ್ ಸಬ್‌ಡಿವಿಷನ್ನಿನ ಬೋರ್ಡಿನ ಹತ್ತಿರ ಥಟ್ಟನೆ ಮುಗಿದುಹೋಗುತ್ತಿತ್ತು. ಅದರಾಚೆ ಐವತ್ತು ಮೈಲಿ ವೇಗದ ರಸ್ತೆ, ಅದರಾಚೆ ಸಾಲುಸಾಲು ಗೋಡೌನು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಗಂಡ ಆಫೀಸಿನಿಂದ ಬರುವುದನ್ನು ಕಾಯಬೇಕಿತ್ತು.

ಹೀಗಿರುವಾಗ ಅವರ ಕಂಪನಿಯವರು ಬೇಸಿಗೆಯಲ್ಲಿ ಎಲ್ಲರಿಗೂ ಎರಡು ವಾರ ಬಲವಂತದ ರಜೆ ಹಾಕಿದರು. ಒಳ್ಳೆಯ ದಿನಗಳಲ್ಲಿ ಆಫೀಸಿನ ಕೆಲಸಕ್ಕೆಂದು ಊರೂರು ಹಾರಾಡಿ ಕೂಡಿಸಿಟ್ಟಿದ್ದ ಏರ್‌ಲೈನ್ ಪಾಯಿಂಟುಗಳಿದ್ದವು, ಟಿಕೆಟ್ಟಿಗೆ ದುಡ್ಡು ಕೊಡಬೇಕಿರಲಿಲ್ಲ. ಇವರು ಫ್ರಾನ್ಸ್ ಅಂದರು. ಕಾರು ಬಾಡಿಗೆಗೆ ಹಿಡಿದು ಸುತ್ತೋಣ, ಒಂದೇ ಕಡೆ ಮನೆ ಮಾಡಿಕೊಂಡು ಹತ್ತು ದಿನ ಇರೋಣ ಅಂದರು. ಹೂಂ ಅಂದೆ.

ಕೊನೆಗೆ ಎರಡು ಮನೆಗಳು ಉಳಿದವು. ಒಂದು ಪುಟ್ಟ ಪೇಟೆಯ ನಡುವೆ, ಬೇಕರಿಯ ಮೇಲಿನ ಅಪಾರ್ಟ್‌ಮೆಂಟು. ಕಿಟಕಿ ತೆಗೆದರೆ ಕೆಳಗೆ ಸಂತೆ. ಇನ್ನೊಂದು ಸೂರ್ಯಕಾಂತಿ ಹೊಲಗಳ ಮಧ್ಯೆ ಕಲ್ಲಿನ ಮನೆ. ನನಗೆ ಬೇಕಾಗಿದ್ದದ್ದು ಮೊದಲನೆಯದು. ಹತ್ತು ದಿನ, ಬರೀ ಹತ್ತೇ ದಿನ, ಯಾರನ್ನೂ ಕೇಳದೆ, ಯಾರಿಗೂ ಕಾಯದೆ, ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿ ಹೊರಗೆ ಹೋಗಬೇಕು. ನನ್ನ ಆಸೆ ಅಷ್ಟೇ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿದೆನೇ ಎಂದು ಕೇಳಬೇಡಿ. ಗಂಡನಾದವನಿಗೆ ಅಷ್ಟೂ ಗೊತ್ತಾಗಬೇಡವೇ ಎಂಬ ಠೇಂಕಾರ ನನ್ನದು. ಒಗ್ಗರಣೆ ಹಾಕುತ್ತಿದ್ದೆ, ತಲೆಯ ಮೇಲೆ ಫ್ಯಾನು ಗುಯ್‌ಗುಡುತ್ತಿತ್ತು, ಇವರು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, "ಎರಡರಲ್ಲಿ ಯಾವ್ದು ಮಾಡ್ಲಿ?" ಅಂದರು.

"ಊರಲ್ಲೇ ಬುಕ್ ಮಾಡಿ," ಅಂದೆ.

ಊಟಕ್ಕೆ ಕೂತಾಗ ಇವರ ಮುಖ ಅರಳಿತ್ತು. "ಆಯ್ತು ಕಣೇ. ಕ್ಯಾನ್ಸಲ್ ಮಾಡಕ್ಕಾಗಲ್ಲ, ಅದಕ್ಕೇ ಇಷ್ಟು ಚೆನ್ನಾಗಿರೋದು ಸಿಕ್ತು," ಎಂದು ಫೋಟೋ ತೋರಿಸಿದರು. ಸೂರ್ಯಕಾಂತಿ. ಕಲ್ಲಿನ ಮನೆ. ಮತ್ತೆ ಸೂರ್ಯಕಾಂತಿ. ಕಣ್ಣು ಹಾಯಿಸಿದಷ್ಟು ದೂರಕ್ಕೂ ಒಂದು ನರಪಿಳ್ಳೆ ಇರಲಿಲ್ಲ.

"ರೀ, ಊರಲ್ಲಿ ಅಂದಿದ್ನಲ್ರೀ!"

"ಊರಲ್ಲೇ ಮಾಡಿರೋದು. ನೋಡು, ಸುತ್ತಾ ಹೊಲ."

"ಹೊಲ ಊರಾ?"

"ಮತ್ತಿನ್ನೇನು? ಊರು ಅಂದ್ರೆ ಹಳ್ಳಿ ತಾನೆ?"

ಇವರು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ಅವರ ಮನೆಯಲ್ಲಿ ಬೆಂಗಳೂರನ್ನು ಯಾರೂ ಊರು ಎಂದವರಲ್ಲ. ಊರು ಎಂದರೆ ಮದ್ದೂರಿನ ಆಚೆ ಇರುವ ಅಜ್ಜಿಯ ಹಳ್ಳಿ. ರಜೆ ಬಂದರೆ ಊರಿಗೆ ಹೋಗುವುದು, ಊರಿಂದ ತೆಂಗಿನಕಾಯಿ ಬರುವುದು, ಊರಲ್ಲಿ ಹಬ್ಬ. ನನಗೋ ಊರು ಎಂದರೆ ಮೈಸೂರು. ಮನೆಯಿಂದ ಮಾರ್ಕೆಟ್ಟಿಗೆ ಹತ್ತು ನಿಮಿಷದ ನಡಿಗೆ, ದಾರಿಯಲ್ಲಿ ಹೂವಿನವಳು, ದರ್ಜಿ, ಲೈಬ್ರರಿ. ಮನೆಗಳು ಮುಗಿದ ಕಡೆ ಊರೂ ಮುಗಿಯಿತು, ಅದರಾಚೆ ಇರುವುದೆಲ್ಲ ಊರಾಚೆ. ಹತ್ತು ವರ್ಷ ಸಂಸಾರ ಮಾಡಿ, ಮಗಳನ್ನು ಮೂರನೇ ಕ್ಲಾಸಿಗೆ ಕಳಿಸಿದ ಮೇಲೆ ಗೊತ್ತಾಯಿತು, ನಾವಿಬ್ಬರೂ ಒಂದೇ ಕನ್ನಡ ಮಾತಾಡುತ್ತಿರಲಿಲ್ಲ ಎಂದು. ಎರಡು ದಿನ ನಾನು ಯಾವ ಕನ್ನಡವನ್ನೂ ಮಾತಾಡಲಿಲ್ಲ.

ಪಂಚಾಯಿತಿ ಹಾಫ್‌ಮನ್ ಎಸ್ಟೇಟ್ಸ್ ಎಂಬ ದೂರದ ಪಟ್ಟಣಕ್ಕೆ ಹೋಯಿತು. ಅಲ್ಲಿ ನನ್ನ ಅಕ್ಕ, ಭಾವ ಇದ್ದರು. ಭಾವ ಯಾವುದೋ ಟ್ರೈನಿಂಗ್‌ಗೆಂದು ಒಮ್ಮೆ ನಾಲ್ಕು ದಿನ ಫ್ರಾನ್ಸಿಗೆ ಹೋಗಿಬಂದಿದ್ದರು. ಆದ್ದರಿಂದ ಫ್ರಾನ್ಸಿನ ವಿಷಯದಲ್ಲಿ ನಮ್ಮ ಬಳಗಕ್ಕೆಲ್ಲ ಅವರೇ ಕೊನೆಯ ಮಾತು. ಫೋನಿನಲ್ಲಿ ಇಬ್ಬರ ವಾದವನ್ನೂ ಕೇಳಿ, ಎರಡಕ್ಕೂ ಉತ್ತರ ಕೊಡದೆ, "ಅದಿರ್ಲಿ, ಕಾರು ಆಟೋಮ್ಯಾಟಿಕ್ಕಾ?" ಅಂದರು.

ಇವರು ಬಾಡಿಗೆ ಕಾರಿನ ಕಾಗದ ತೆಗೆದು ನೋಡಿದರು. ಅಲ್ಲ.

"ನಿಮಗೆ ಗೇರ್ ಕಾರು ಓಡಿಸಿ ಗೊತ್ತಾ?"

ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಓಡಿಸಿದ್ದು ಸ್ಕೂಟರು, ಕಾರು ಕಲಿತದ್ದೇ ಅಮೆರಿಕಕ್ಕೆ ಬಂದ ಮೇಲೆ. ಬಾಡಿಗೆಯವರಿಗೆ ಫೋನ್ ಮಾಡಿದರೆ ಆ ಊರಿನಲ್ಲಿ ಆಟೋಮ್ಯಾಟಿಕ್ ಒಂದೂ ಇಲ್ಲವೆಂದರು. ಭಾವ ಗೇರಿನ ಪುಟ್ಟ ಕೆಂಪು ಕಾರೊಂದನ್ನು ಶೋಕಿಗೆಂದು ಇಟ್ಟುಕೊಂಡಿದ್ದರು. ಭಾನುವಾರಗಳೆಲ್ಲ ಅದನ್ನು ಒರೆಸುವುದರಲ್ಲೇ ಕಳೆಯುತ್ತಿದ್ದುದರಿಂದ ಅಕ್ಕ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. "ಶನಿವಾರ ಬನ್ನಿ, ಒಂದು ಗಂಟೆಲಿ ಕಲಿಸ್ಬಿಡ್ತೀನಿ," ಎಂದರು ಭಾವ. ಮುನ್ನೂರು ಮೈಲಿ ಹೋದೆವು.

ಅಕ್ಕನ ಮನೆಗೆ ಹತ್ತಿರದಲ್ಲಿ ದೊಡ್ಡ ಕಂಪನಿಯೊಂದು ಆ ವರ್ಷವೇ ಜಾಗ ಖಾಲಿ ಮಾಡಿತ್ತು. ಅದರ ಪಾರ್ಕಿಂಗ್ ಲಾಟ್ ಭಣಗುಡುತ್ತಿತ್ತು. ಹಳದಿ ಗೆರೆಗಳ ಬಿರುಕಿನಲ್ಲಿ ಹುಲ್ಲು ಬೆಳೆದು, ಹೆಬ್ಬಾತುಗಳ ಹಿಂಡೊಂದು ಮೇಯುತ್ತಿತ್ತು. ನಮ್ಮವರು ಸ್ಟೀರಿಂಗ್ ಹಿಡಿದರು, ಭಾವ ಪಕ್ಕದಲ್ಲಿ, ನಾನೂ ಮಗಳೂ ಹಿಂದೆ ಮಂಡಿ ಮಡಚಿಕೊಂಡು.

"ಕ್ಲಚ್ ನಿಧಾನಕ್ಕೆ ಬಿಡಿ," ಎಂದರು ಭಾವ. ಇವರು ಬಿಟ್ಟರು. ಕಾರು ಒಮ್ಮೆ ಕುಪ್ಪಳಿಸಿ ಗಕ್ಕನೆ ನಿಂತಿತು. ಮತ್ತೆ ಸ್ಟಾರ್ಟು, ಮತ್ತೆ ಕುಪ್ಪಳ. ಹೆಬ್ಬಾತುಗಳು ಮೊದಲು ಹೆದರಿದವು, ಆಮೇಲೆ ತಲೆಯೆತ್ತಿ ನೋಡುವುದನ್ನೂ ಬಿಟ್ಟವು. ಭಾವ ಅಕ್ಕನ ಸವತಿಗಾಗಿ ಒಳಗೊಳಗೇ ಸಂಕಟಪಡುತ್ತಿದ್ದುದು ಅವರ ಕತ್ತಿನ ನರದಲ್ಲೇ ಕಾಣುತ್ತಿತ್ತು. ಮಗಳು, "ಡ್ಯಾಡ್, ಐ ಆಮ್ ಗೋಯಿಂಗ್ ಟು ಥ್ರೋ ಅಪ್," ಅಂದಳು.

ನನಗೆ ರೇಗಿಹೋಯಿತು. ಅಷ್ಟು ದಿನದಿಂದ ನುಂಗಿಕೊಂಡಿದ್ದ ಸಿಟ್ಟೂ ಅದಕ್ಕೆ ಸೇರಿಕೊಂಡಿತು. "ಅಯ್ಯೋ, ಇಳೀರಿ ಆಚೆ! ಹಾಫ್ ಕ್ಲಚ್ ಹಿಡೀಬೇಕು ಅನ್ನೋದೂ ಗೊತ್ತಿಲ್ವಾ?" ಎಂದು ಅವರನ್ನು ಎಬ್ಬಿಸಿ ನಾನೇ ಕೂತೆ.

ಕೂತ ಮೇಲೆ ತಿಳಿಯಿತು ಏನು ಮಾಡಿದೆನೆಂದು. ಆದರೆ ನನ್ನ ಎಡಗಾಲು ನನ್ನ ಹೆದರಿಕೆಗೆ ಕಾಯಲಿಲ್ಲ. ಚಾಮುಂಡಿ ಬೆಟ್ಟದ ಏರಿನಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ನನ್ನ ಕಾರನ್ನು ಬೇಕೆಂದೇ ನಿಲ್ಲಿಸಿ, "ಬ್ರೇಕ್ ಮುಟ್ಬೇಡಮ್ಮ, ಹಾಫ್ ಕ್ಲಚ್ಚಲ್ಲೇ ಹಿಡ್ಕೋ," ಎಂದು ಅಳುವವರೆಗೂ ಮಾಡಿಸಿದ್ದರು. ಆ ಪಾಠ ಕಾಲಿನಲ್ಲಿ ಹಾಗೇ ಉಳಿದಿತ್ತು. ಕಾರು ಸದ್ದಿಲ್ಲದೆ ಹೊರಟಿತು. ಸೆಕೆಂಡ್ ಹಾಕಿದೆ. ಥರ್ಡ್ ಹಾಕಿದೆ. ಹೆಬ್ಬಾತುಗಳು ರೆಕ್ಕೆ ಬಡಿದು ಚೆಲ್ಲಾಪಿಲ್ಲಿಯಾದವು. "ಅಮ್ಮಾ, ಯು ಆರ್ ಆ್ಯಕ್ಚುಲಿ ಡ್ರೈವಿಂಗ್!" ಎಂದು ಮಗಳು ಕಿರುಚಿದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಾಲ್ಕು ಸುತ್ತು ಹೊಡೆದೆ.

"ಫ್ರಾನ್ಸಲ್ಲಿ ಆ ಸೀಟು ನಿಂದೇ ಕಣಮ್ಮಾ," ಎಂದರು ಭಾವ. ನಮ್ಮವರು ಅಕ್ಕನ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದರು.

ವಿಕ್ಸಮ್‌ಗೆ ವಾಪಸು ಬಂದ ಮೇಲೆ ವಾರಾಂತ್ಯಗಳಲ್ಲಿ ನಮ್ಮ ಆಟೋಮ್ಯಾಟಿಕ್ ಕಾರಿನಲ್ಲಿ ಫ್ರೀವೇ ಅಭ್ಯಾಸ ಶುರುವಾಯಿತು. ನಮ್ಮ ಎಕ್ಸಿಟ್ಟಿನಲ್ಲಿ ಹತ್ತುವುದು, ನೋವೈ ಕಡೆಯ ಎಕ್ಸಿಟ್ಟಿನಲ್ಲಿ ಇಳಿಯುವುದು, ಮತ್ತೆ ಹತ್ತುವುದು. ರ‍್ಯಾಂಪಿನ ತುದಿ ಬಂದಾಗಲೆಲ್ಲ ಇವರು, "ಹೋಗು ಹೋಗು ಹೋಗು!" ಎಂದು ಡ್ಯಾಶ್‌ಬೋರ್ಡ್ ತಟ್ಟುತ್ತಿದ್ದರು. ಹೋದೆ. ಮೊದಲೆರಡು ಸಲ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತ್ತು, ಮುಚ್ಚಿಕೊಳ್ಳಲಿಲ್ಲ.

ಫ್ರಾನ್ಸಿನಲ್ಲಿ ಏರ್‌ಪೋರ್ಟಿನಿಂದ ಆ ಕಲ್ಲಿನ ಮನೆಯವರೆಗೂ ನಾನೇ ಓಡಿಸಿದೆ. ಮನೆ ಫೋಟೋದಲ್ಲಿದ್ದ ಹಾಗೇ ಇತ್ತು. ಸೂರ್ಯಕಾಂತಿಯೂ ಇತ್ತು. ಬ್ರೆಡ್ಡು ಬೇಕಾದರೆ ಏಳು ಕಿಲೋಮೀಟರ್. ಮೊದಲ ಬೆಳಿಗ್ಗೆ ಇವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು, "ನೀವಿಬ್ರೂ ಹೋಗ್ಬನ್ನಿ, ನಾನಿಲ್ಲೇ ಆರಾಮಾಗಿರ್ತೀನಿ," ಅಂದರು. ನಾನೂ ಮಗಳೂ ಹೋದೆವು. ಪೇಟೆಯ ಚೌಕದಲ್ಲಿ ಕಾರು ನಿಲ್ಲಿಸಿ, ಕಂಡ ಅಂಗಡಿಗೆಲ್ಲ ನುಗ್ಗಿ, ಏನೂ ಕೊಳ್ಳದೆ ಹೊರಬಂದೆವು. ಅಷ್ಟು ಸುಖವಾದ ಬೆಳಿಗ್ಗೆಯನ್ನು ನಾನು ಆ ವರ್ಷ ಕಂಡಿರಲಿಲ್ಲ.

ಎರಡನೆಯ ದಿನ ಇವರು ಹೊಲದ ಅಂಚಿನವರೆಗೂ ನಡೆದುಹೋಗಿ ಬಂದರು. ಮೂರನೆಯ ದಿನ, "ಎಷ್ಟೊತ್ತಿಗೆ ಬರ್ತೀರ?" ಎಂದು ಕೇಳಿದರು. ನಾಲ್ಕನೆಯ ದಿನ ನಾವು ಹಿಂತಿರುಗಿದಾಗ ಮಧ್ಯಾಹ್ನವಾಗಿತ್ತು. ಇವರು ಶೇವ್ ಮಾಡಿಕೊಂಡು, ಇಸ್ತ್ರಿಯಾದ ಶರ್ಟು ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು.

"ಕಾಫಿಪುಡಿ ತಂದ್ಯಾ?"

"ಅಯ್ಯೋ, ಮರ್ತೇಹೋಯ್ತು."

"ಹೋಗ್ಲಿ, ನಾನೇ ಹೋಗಿ ತರ್ತೀನಿ," ಎಂದು ಅಭ್ಯಾಸಬಲದಿಂದ ಕೈ ಚಾಚಿದರು. ಕೀ ಕೊಟ್ಟೆ. ಕಾರಿನ ಬಾಗಿಲು ತೆಗೆದು, ಗೇರನ್ನು ನೋಡಿ, ಅಲ್ಲೇ ನಿಂತರು. ಮಗಳು ಚೀಲ ಹಿಡಿದುಕೊಂಡು ಒಳಗೆ ಓಡಿದಳು.

ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ತಮಾಷೆಯಿರಲಿಲ್ಲ. "ವಿಕ್ಸಮ್ಮಲ್ಲಿ ನೀನು ದಿನಾ ಹೀಗೇ ಇರ್ತಿದ್ಯಾ?" ಅಂದರು.

ವರ್ಷವಿಡೀ ಇದೇ ಪ್ರಶ್ನೆಗೆ ನಾನು ಉತ್ತರಗಳನ್ನು ಮಸೆದಿಟ್ಟುಕೊಂಡಿದ್ದೆ. "ಹೂಂ," ಅಂದೆ.

"ಹೇಳ್ಬಾರ್ದಿತ್ತಾ?"

"ಕೇಳ್ಬಾರ್ದಿತ್ತಾ?"

ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಕಾರನ್ನು ಬಳಸಿಕೊಂಡು ಆ ಕಡೆ ಹೋಗಿ, ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.