ಹೆಜ್ಜೇನು ಎದ್ದಾಗ ಬಂದ ಬೀರಪ್ಪ

"ಕುಂತಬಿಡ್ರಿ ಯವ್ವಾ, ಅಲುಗಾಡಬ್ಯಾಡ್ರಿ!" ಎಂದು ಕೂಗುತ್ತಾ ಓಡಿ ಬಂದ ಕುರಿಗಾಹಿಯೊಬ್ಬರು ತಮ್ಮ ಕಂಬಳಿಯನ್ನು ನನ್ನ ಮೇಲೆ ಹೊದಿಸಿದರು. ರಾಯಚೂರಿನ ನಮ್ಮ ಚಾರಣ ಬಳಗ ವಸಂತದ ನಡಿಗೆಗೆಂದು ದೇವದುರ್ಗದ ಸಮೀಪದ ಗುಡ್ಡ ಹತ್ತುತ್ತಿದ್ದಾಗ, ನಮ್ಮ ಗದ್ದಲಕ್ಕೆ ಬಂಡೆಯ ಹೆಜ್ಜೇನು ಎದ್ದಿತ್ತು. ಎಲ್ಲರೂ ಕೆಳಗೆ ಓಡಿದರು. ಮಂಡಿನೋವಿನ ನಾನೊಬ್ಬಳೇ ಹಿಂದೆ ಉಳಿದಿದ್ದೆ.

ಹುಳಗಳು ಹೋದ ಮೇಲೆ ಕಂಬಳಿ ಸರಿಸಿದೆ. ನನಗೆ ಒಂದೂ ಕಚ್ಚಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವರ ಮುಖ ಊದಿ, ಒಂದು ಕಣ್ಣು ಮುಚ್ಚಿಹೋಗಿತ್ತು. ಹೆಸರು ಬೀರಪ್ಪ. ಆಸ್ಪತ್ರೆಗೆ ಹೋಗೋಣವೆಂದರೆ, "ನಾ ಬಂದ್ರ ಕುರಿ ಯಾರು ನೋಡ್ತಾರ್ರೀ? ಯಾರದರ ಹೊಲಕ್ಕ ನುಗ್ಗತಾವ" ಎಂದರು.

"ನಾವು ನೋಡ್ತೀವಿ" ಎಂದೆ. ಅಷ್ಟರಲ್ಲಿ ಮರಳಿ ಬಂದಿದ್ದ ನಮ್ಮ ಬಳಗದ ಇಬ್ಬರು ಅವರನ್ನು ಕಾರಿನಲ್ಲಿ ದೇವದುರ್ಗಕ್ಕೆ ಕರೆದೊಯ್ದರು. ಮೇಷ್ಟ್ರು, ಬ್ಯಾಂಕಿನವರು, ಶಕ್ತಿನಗರದ ಎಂಜಿನಿಯರು, ಹೀಗೆ ಉಳಿದ ನಾವೆಲ್ಲ ಕೋಲು ಹಿಡಿದು ಇಳಿಹೊತ್ತಿನವರೆಗೂ ಕುರಿ ಹಿಂದೆ ಓಡಾಡಿದೆವು. ಸೂಜಿ ಮಾಡಿಸಿಕೊಂಡು ಮರಳಿದ ಬೀರಪ್ಪ ಮಂದೆಯತ್ತ ಕಣ್ಣಾಡಿಸಿ, "ಚಲೋ ಕಾದೀರಿ ಬಿಡ್ರಿ" ಎಂದು ಊದಿದ ಮುಖದಲ್ಲೇ ನಕ್ಕರು.

ಅಂದು ಗುಡ್ಡದ ತುದಿ ಮುಟ್ಟಲಿಲ್ಲ. ಗುರುತಿಲ್ಲದ ನನಗಾಗಿ ಅವರು ಅಷ್ಟು ನೋವು ತಿಂದರು. ಈಗ ಕನ್ನಡಿಯಲ್ಲಿ ಕಲೆಯಿಲ್ಲದ ನನ್ನ ಮುಖ ಕಂಡಾಗಲೆಲ್ಲ ಮನಸ್ಸು ಅವರಿಗೆ ಕೈಮುಗಿಯುತ್ತದೆ.