ಉಂಗುರಕ್ಕೆ ಕಟ್ಟಿದ ಕಂಕಣ

ಉರಿಯ ಮುಂದೆ ನಿಂತು ದುಡಿದರೂ ಮಾತಿನಲ್ಲಿ ಬಿಸಿಯಿಲ್ಲದವನು, ಬುತ್ತಿಯ ರೊಟ್ಟಿಯನ್ನು ಮುರಿಯುವ ಮೊದಲೇ ಪಕ್ಕದವನನ್ನು ಕರೆಯುವವನು, ಸೋಮವಾರದ ಒಪ್ಪತ್ತನ್ನು ಓವರ್‌ಟೈಮಿನಲ್ಲೂ ತಪ್ಪಿಸದವನು, ಬಾಡಿಗೆಮನೆಯ ಒಡತಿಯ ಬಾಯಿಂದಲೇ ಒಳ್ಳೆಯವನೆನ್ನಿಸಿಕೊಂಡ ಅಪೂರ್ವ ಪುಣ್ಯಶಾಲಿ: ಇಂತಿಷ್ಟು ಗುಣಗಳಿಗೆ ನೆಲೆಯಾದವನು ಲಿಂಗಸುಗೂರಿನ ಕಡೆಯ ಅಮರಪ್ಪ. ಬೇಗೂರಿನ ಒಂದು ಕೋಣೆಯಲ್ಲಿ ಅವನ ವಾಸ. ಬೊಮ್ಮನಹಳ್ಳಿಯ ಚಿನ್ನಪ್ಪನವರ ಸಣ್ಣ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸ.

ಅಲ್ಲಿ ತಯಾರಾಗುವುದು ಟ್ರಾನ್ಸ್‌ಫಾರ್ಮರಿನೊಳಗೆ ಕೂರುವ ಕೋರ್ ಎಂಬ ಉಂಗುರ. ಕೂದಲಿಗಿಂತ ತೆಳುವಾದ ಕಬ್ಬಿಣದ ಮಿಶ್ರಲೋಹದ ಪಟ್ಟಿಯನ್ನು ಸುತ್ತಿ ಹದವಾಗಿ ಕಾಯಿಸಿದರೆ, ಅದರೊಳಗೆ ಕಣ್ಣಿಗೆಟುಕದಷ್ಟು ಸೂಕ್ಷ್ಮವಾದ ಹರಳುಗಳು ಹುಟ್ಟುತ್ತವೆ. ಆಗ ಅದು ವಿದ್ಯುತ್ತಿನ ಸನ್ನೆಗೆ ಕ್ಷಣದಲ್ಲಿ ಕಾಂತವಾಗಿ, ಕ್ಷಣದಲ್ಲಿ ಆ ಕಾಂತತ್ವವನ್ನು ಬಿಟ್ಟುಕೊಡುತ್ತದೆ. ಆದರೆ ಕಾದ ಮೇಲೆ ಅದರದು ಹಪ್ಪಳದ ಸ್ವಭಾವ: ಒತ್ತಿ ಹಿಡಿದರೆ ಗುಣ ಕುಗ್ಗುತ್ತದೆ, ಇನ್ನೂ ಒತ್ತಿದರೆ ಮುರಿಯುತ್ತದೆ. ಆದುದರಿಂದ ಅಮರಪ್ಪನು ಅದರ ಬಳಿ ಯಾರ ಬೆರಳನ್ನೂ ಸುಳಿಯಗೊಡನು. ಈ ಒಂದು ವಿಷಯದಲ್ಲಿ ಮಾತ್ರ ಆ ಶಾಂತಮೂರ್ತಿಯು ಮಾಲೀಕರನ್ನೂ ಗದರಿದ್ದುಂಟು.

ಈ ವರ್ಷ ಹೊಸ ಗಿರಾಕಿಯೊಬ್ಬರು ಮಾದರಿಯ ಕೋರನ್ನು ಅಳೆದು ಒಪ್ಪಿದರೆ ಅವನ ನೌಕರಿಯನ್ನು ಖಾಯಂ ಮಾಡುವುದಾಗಿ ಚಿನ್ನಪ್ಪನವರು ಮಾತು ಕೊಟ್ಟಿದ್ದರು. ಖಾಯಮಾದರೆ ಊರಿನಲ್ಲಿರುವ ಹೆಂಡತಿ ನೀಲಾಂಬಿಕೆಯನ್ನೂ ಮಗಳನ್ನೂ ಕರೆತರಬಹುದು. ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ಕುಂಕುಮವಿಟ್ಟ ಅವನು ಮಾದರಿಯ ಕೋರಿಗೂ ಅರಿಶಿನದ ಕಂಕಣವನ್ನು ಬಿಗಿದು, ಕಾರ್ಯಸಿದ್ಧಿಯಾಗುವವರೆಗೆ ಬಿಚ್ಚೆನೆಂದು ದೇವಿಗೆ ಹರಕೆ ಹೊತ್ತನು. ದೇವರ ದಾರವೂ ಒತ್ತುತ್ತದೆಂಬುದು ಆ ಭಕ್ತನಿಗೆ ಹೊಳೆಯಲಿಲ್ಲ.

ಹಬ್ಬ ಕಳೆದು ಗಿರಾಕಿಯ ಕಡೆಯ ಇಂಜಿನಿಯರ್ ದೀಪಶ್ರೀ ಬಂದರು. ಕೋರಿನ ಕಾಂತಗುಣವನ್ನು ಅಳೆಯುವ ಮೀಟರಿನ ಅಂಕಿ ಬೇಕಾದುದರ ಅರ್ಧಕ್ಕೇ ನಿಂತಿತು. ಮತ್ತೆ ಅಳೆದರೂ ಅಷ್ಟೇ. ಪೂಜೆಯ ದಾರವೆಂಬ ಸಂಕೋಚದಿಂದ ಅದುವರೆಗೆ ಸುಮ್ಮನಿದ್ದ ಆಕೆ ಕೊನೆಗೆ ಬಾಯಿಬಿಟ್ಟರು: “ಅಣ್ಣ, ಈ ದಾರ ತುಂಬಾ ಟೈಟಾಗಿದೆ. ಬಿಚ್ಚಿ ನೋಡೋಣ.”

“ಪಾಸಾದ ಮ್ಯಾಲ ಬಿಚ್ಚತೀನ್ರೀ ಮೇಡಂ. ಹರಕಿ ಐತಿ.”

“ಬಿಚ್ಚದೆ ಪಾಸಾಗಲ್ಲ ಅಣ್ಣ.”

ಚಿನ್ನಪ್ಪನವರು ಕತ್ತರಿ ಹಿಡಿದು ಬಂದರು. “ನಾನ್ ಮುಟ್ಟಿದ್ರೆ ಬಯ್ತಿದ್ದೆ. ಈಗ ನೀನೇ ಅದರ ಕತ್ತು ಬಿಗಿದಿದ್ದೀಯಲ್ಲಯ್ಯ” ಎಂದರು.

ಅಮರಪ್ಪನು ಕತ್ತರಿಗೆ ಅಡ್ಡ ನಿಂತನು. ಒಂದು ಕಡೆ ದೇವಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಬಸ್ಸು ಹತ್ತಲು ಕಾದಿರುವ ಹೆಂಡತಿ. ಕೊನೆಗೆ ತಾನೇ ಉಗುರಿನಿಂದ ಗಂಟನ್ನು ಮೆಲ್ಲಗೆ ಸಡಿಲಿಸಿದನು.

“ತಾಯಿ, ಇದು ತಾಳಂಗಿಲ್ಲ. ಇದರ ಬಿಗಿ ನಾ ಹೊರತೀನಿ” ಎಂದವನೇ ದಾರವನ್ನು ತನ್ನ ಮುಂಗೈಗೆ ಸುತ್ತಿ, ಕಟ್ಟಿರೆಂದು ಮಾಲೀಕರ ಮುಂದೆ ಕೈ ಚಾಚಿದನು. ಚಿನ್ನಪ್ಪನವರು ಇಷ್ಟು ವರ್ಷ ಬೈಸಿಕೊಂಡುದನ್ನೆಲ್ಲ ನೆನೆನೆನೆದು ಬಿಗಿದರು.

ಅಮರಪ್ಪನ ಕೈ ಕೆಂಪೇರಿತು. ಮೀಟರಿನ ಅಂಕಿಯೂ ಏರಿತು. ಬೇಕಾದುದನ್ನು ದಾಟಿ ನಿಂತಿತು. ದೀಪಶ್ರೀ ಒಪ್ಪಿದರು, ಚಿನ್ನಪ್ಪನವರು ಅಲ್ಲೇ ಖಾಯಂ ಎಂದು ಸಾರಿದರು. ಹರಕೆ ತೀರಿದರೂ ಗಂಟು ಮಾತ್ರ ಯಾರಿಗೂ ಜಗ್ಗಲಿಲ್ಲ. ಜುಮುಗುಡುವ ಕೈಯಲ್ಲಿಯೇ ಫೋನು ಹಿಡಿದು ಅವನು ನೀಲಾಂಬಿಕೆಗೆ ಗಂಟುಮೂಟೆ ಕಟ್ಟಲು ಹೇಳಿದನು.

ಆ ಸಾಧ್ವಿಯ ರೊಟ್ಟಿ ಬಡಿಯುವ ಸದ್ದು ಬೇಗೂರಿನ ಓಣಿಯಲ್ಲಿ ದಿನವೂ ಕೇಳಿಬರಲಿ. ಮಗಳಿಗೆ ವಿದ್ಯೆ ಒಲಿಯಲಿ. ಅಮರಪ್ಪನ ಭಕ್ತಿ ಕುಂದದಿರಲಿ. ಮೂವರನ್ನೂ ಒಂದೇ ಸೂರಿನಡಿ ಪರಶಿವನು ತಣ್ಣಗೆ ಕಾಯಲಿ.