ಮೂವತ್ತೊಂದು ಬೋನು, ಒಂದು ಮೋಟುಬಾಲ

ನಮ್ಮ ಮನೆಯಲ್ಲಿ ಮೂವತ್ತೊಂದು ಬೋನುಗಳಿವೆ. ಈ ಮನೆಯೊಳಗೆ ಇದುವರೆಗೆ ಅವುಗಳಲ್ಲಿ ಸಿಕ್ಕಿಬಿದ್ದ ಪ್ರಾಣಿ ನಾನೊಬ್ಬನೇ. ಇದು ನನ್ನ ಹೆಂಡತಿ ಶಾರದೆಯ ಮಾತು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಇದನ್ನೂ ಕೊಡುತ್ತಾಳೆ. ನಾನು ಈಗ ಎದುರು ಮಾತಾಡುವುದನ್ನು ಬಿಟ್ಟಿದ್ದೇನೆ.

ಸರ್ವೇಯರ್ ಕೆಲಸದಲ್ಲಿ ಅಳತೆಯ ಚೈನು ಹಿಡಿದುಕೊಂಡು ಊರೂರು ಅಲೆದವನು ನಾನು. ಬೇರೆಯವರು ಗೌನಿಪಲ್ಲಿಗೆ ಹೋದರೆ ಮಾವಿನಹಣ್ಣು ತರುತ್ತಾರೆ. ನಾನು ಅಲ್ಲಿನ ಒಂದು ತೋಟದ ಮನೆಯ ಅಟ್ಟದಿಂದ, ನರಿ ಕಾಲಿಟ್ಟರೆ ಕಚ್ಚಿ ಹಿಡಿಯುವ ಹಲ್ಲುಗಳ ಕಬ್ಬಿಣವೊಂದನ್ನು ಹೊತ್ತು ತಂದೆ. ಅದರ ತಟ್ಟೆಯ ಮೇಲೆ ಇಂಗ್ಲಿಷಿನಲ್ಲಿ ‘ಪೇಟೆಂಟ್’ ಎಂದು ಅಚ್ಚೊತ್ತಿತ್ತು. ಆ ಅಕ್ಷರಗಳಿಗೆ ಮರುಳಾದೆ. ಆಮೇಲೆ ದೇವರಾಯಸಮುದ್ರದಲ್ಲಿ ಹೆಗ್ಗಣದ ಪೆಟ್ಟಿಗೆ, ತಾಯಲೂರಿನಲ್ಲಿ ಬಾಗಿಲಿಗೆ ಒತ್ತು ಕೊಟ್ಟಿದ್ದ ಇಲಿಕತ್ತರಿ, ಹೀಗೆ ಒಂದೊಂದೇ ಮುಳಬಾಗಿಲಿನ ನಮ್ಮ ಮನೆಯ ಷೋಕೇಸಿಗೆ ಬಂದು ಸೇರಿದವು. ಷೋಕೇಸಿನಲ್ಲಿದ್ದ ಶಾರದೆಯ ಪಿಂಗಾಣಿ ಬಟ್ಟಲುಗಳು ಅಟ್ಟಕ್ಕೆ ಹೋದವು.

ಪೇಟೆಂಟ್ ಎಂದರೇನು? ಈ ರೀತಿಯಲ್ಲಿ ಇಲಿ ಹಿಡಿಯುವ ಹಕ್ಕು ಇವನೊಬ್ಬನದೇ ಎಂದು ಸರ್ಕಾರ ಮೊಹರು ಹಾಕಿ ಬರೆದುಕೊಟ್ಟ ಕಾಗದ. ಇಲಿಗೆ ಮಾತ್ರ ಅದರ ನಕಲು ಕಳಿಸುವ ಪದ್ಧತಿಯಿಲ್ಲ. ಜಗತ್ತಿನ ಬುದ್ಧಿವಂತರೆಲ್ಲ ತಲೆ ಕೆಡಿಸಿಕೊಂಡು ಸ್ಪ್ರಿಂಗು, ಕೊಂಡಿ, ತೂಗುಬಾಗಿಲು ಎಂದು ಒಂದರ ಮೇಲೊಂದು ಕಂಡುಹಿಡಿದರು. ಇಲಿ ಹೊಸದೇನನ್ನೂ ಕಂಡುಹಿಡಿಯದೆ ಇವತ್ತಿಗೂ ಸುಖವಾಗಿದೆ.

ನಮ್ಮ ಬೀದಿಗೆ ಇಂಥ ಶಾಸ್ತ್ರವೇನೂ ಬೇಕಿಲ್ಲ. ಇಲ್ಲಿ ಬೋನು ಇಡುವಾಗ ಯಾರೂ ಅದರ ಹೆಸರೆತ್ತುವುದಿಲ್ಲ, ಇಲಿ ಕೇಳಿಸಿಕೊಳ್ಳುತ್ತದಂತೆ. ‘ಅದನ್ನ ಇಟ್ಟಿದ್ದೀನಿ’ ಎಂದು ಪಿಸುಗುಟ್ಟುತ್ತಾರೆ. ಬೋನು ಒಬ್ಬರ ಮನೆಯದಾದರೂ ಬೀದಿಗೆಲ್ಲ ಸೇರಿದ್ದು. ಬಿದ್ದ ಇಲಿಯನ್ನು ಕೊಲ್ಲದೆ, ಗಣಪತಿಯ ವಾಹನವೆಂದು ಕೈಮುಗಿದು, ಹಿಂದಿನ ಬೀದಿಗೆ ಬಿಟ್ಟು ಬರುತ್ತಾರೆ. ಹಿಂದಿನ ಬೀದಿಯವರೂ ಭಕ್ತರೇ ಆದ್ದರಿಂದ ತಮ್ಮ ಇಲಿಗಳನ್ನು ನಮ್ಮಲ್ಲಿಗೆ ತಂದು ಬಿಡುತ್ತಾರೆ.

ಒಂದು ದಿನ ಪಕ್ಕದ ಮನೆಯ ಮುನಿವೆಂಕಟಮ್ಮ ಬಂದರು. “ಸಾರ್, ರಾಗಿ ಮೂಟೆ ಎಲ್ಲಾ ತೂತು ಮಾಡ್ಬಿಟ್ಟೈತೆ. ನಮ್ದು ಮಗಳ ಮನೆಗೆ ಹೋಗೈತೆ. ನಿಮ್ಮತ್ರ ಅಷ್ಟೊಂದು ಐತಲ್ಲ, ಎರಡು ದಿನಕ್ಕೆ ಒಂದು ಕೊಡಿ.”

ಇವು ಬಳಸುವ ವಸ್ತುಗಳಲ್ಲ, ಚರಿತ್ರೆ, ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಆಕೆ ಸಮಾಧಾನವಾಗಿ ಕೇಳಿ, “ಎಲಕ ಹಿಡೀದ ಬೋನು ಯಾಕ್ ಸಾರ್ ಮತ್ತೆ?” ಎಂದು ಕೇಳಿ ಹೊರಟುಹೋದರು.

ತಿಂಗಳು ಕಳೆಯುವುದರೊಳಗೆ ಇಲಿ ನಮ್ಮ ಮನೆಗೂ ಬಂತು. ಬಾಲ ಅರ್ಧ ತುಂಡಾಗಿದ್ದ ಮೋಟುಬಾಲದ ಇಲಿ. ಅಕ್ಕಿ ಬಿಟ್ಟು, ಬೇಳೆ ಬಿಟ್ಟು, ನಾನು ಹನ್ನೆರಡು ವರ್ಷ ದುಂಡಗೆ ಬರೆದಿಟ್ಟಿದ್ದ ಬೋನುಗಳ ಪಟ್ಟಿಯ ಪುಸ್ತಕಕ್ಕೇ ಬಾಯಿ ಹಾಕಿತು. ಶಾರದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ರೀ, ಭಾನುವಾರದೊಳಗೆ ಅದು ಹೋಗ್ಬೇಕು. ಇಲ್ದಿದ್ರೆ ಈ ಕಬ್ಬಿಣನೆಲ್ಲ ಗುಜರಿಗೆ ಹಾಕ್ತೀನಿ.” ಅವಳು ಹೇಳಿದ್ದನ್ನು ಮಾಡುವವಳು.

ನನ್ನ ಬೋನಿಗೆ ವಡೆ ಸಿಕ್ಕಿಸಿ ಎಣ್ಣೆ ಮೆತ್ತಲು ಮನಸ್ಸು ಬರಲಿಲ್ಲ. ನಾಚಿಕೆ ಬಿಟ್ಟು ಮುನಿವೆಂಕಟಮ್ಮನ ಬಾಗಿಲಿಗೆ ಹೋದೆ. ಆಕೆ ಹಳೆಯದನ್ನು ಎತ್ತಿ ಆಡದೆ ಒಳಗಿಂದ ಬೋನು ತಂದುಕೊಟ್ಟರು. “ಬಿದ್ದ ತಕ್ಷಣ ವಾಪಸ್ ಕೊಡಿ ಸಾರ್. ಹಾಲಿನವ್ರ ಮನೇಲಿ ಕೇಳ್ತಾವ್ರೆ.” ಆಕೆಯ ಮಾವ ಚಿನ್ನದ ಗಣಿಯಲ್ಲಿದ್ದರಂತೆ. ಅಲ್ಲಿನ ಬಿಳಿ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಕೊಟ್ಟ ಬೋನಂತೆ. ಮನೆಗೆ ತಂದು ಮಸಿ ಒರೆಸಿ ನೋಡುತ್ತೇನೆ, ಹಿತ್ತಾಳೆ ಬಿಲ್ಲೆ, ಅದರ ಮೇಲೆ ‘ಪೇಟೆಂಟ್’! ಇಪ್ಪತ್ತು ವರ್ಷದಿಂದ ನಾನು ಹುಡುಕುತ್ತಿದ್ದ ಎರಡು ಬಾಗಿಲಿನ ಬೋನು ಗೋಡೆಯಾಚೆಗೇ ಇತ್ತು.

ಇಲಿ ಬಿದ್ದರೆ ಬೋನು ವಾಪಸ್. ಬೀಳದಿದ್ದರೆ ಮೂವತ್ತೊಂದೂ ಗುಜರಿಗೆ. ಭಾನುವಾರಕ್ಕೆ ಇನ್ನೂ ಆರು ದಿನವಿತ್ತು. ಅಷ್ಟು ದಿನವಾದರೂ ಅದು ನನ್ನ ಬಳಿ ಇರಲಿ ಎಂಬ ಆಸೆಗೆ ಮೂರು ದಿನ ಖಾಲಿ ಬೋನು ಇಟ್ಟೆ. ಇಲಿ ಅದನ್ನು ಸುತ್ತುಹಾಕಿಕೊಂಡು ಹೋಗಿ ನನ್ನ ಪಟ್ಟಿಯನ್ನು ಹತ್ತೊಂಬತ್ತನೇ ನಂಬರಿನವರೆಗೆ ತಿಂದು ಮುಗಿಸಿತು. ಶಾರದೆಗೆ ಅನುಮಾನ ಬಂದು ಬೋನಿನೊಳಗೆ ನೋಡಿದಳು. ಒಂದು ಮಸಾಲೆ ವಡೆಯ ಚೂರು ಸಿಕ್ಕಿಸಿದಳು. ಬೆಳಿಗ್ಗೆ ಮೋಟುಬಾಲ ಒಳಗಿತ್ತು.

ಹಿಂದಿನ ಬೀದಿಗೆ ಬಿಟ್ಟು ಬರುತ್ತೇನೆಂದು ಹೊರಟವನು, ಬೀದಿಗಿಳಿದರೆ ಇಲಿ ಬಿದ್ದ ಸುದ್ದಿ ಮುನಿವೆಂಕಟಮ್ಮನಿಗೆ ಮುಟ್ಟುತ್ತದೆಂದು ಹಿತ್ತಲಿನವರೆಗೆ ಮಾತ್ರ ಹೋಗಿ, ಅತ್ತಿತ್ತ ನೋಡಿ, ಬಾಗಿಲೆತ್ತಿದೆ. ಇಲಿ ಕಾಂಪೌಂಡ್ ಹತ್ತಿ ಮಾಯವಾಯಿತು. ಸಂಜೆ ಮುನಿವೆಂಕಟಮ್ಮ ಗೋಡೆಯಾಚೆಯಿಂದ, “ಬಿತ್ತಾ ಸಾರ್?” ಎಂದರು.

“ಇನ್ನೂ ಇಲ್ಲಮ್ಮ,” ಎಂದೆ. ಅರವತ್ತು ದಾಟಿದವನು ಇಲಿಯ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಮುಖ ಬಿಸಿಯಾಯಿತು.

ಮಾರನೆಯ ದಿನ ಆಕೆ ಬಾಗಿಲಿಗೇ ಬಂದರು. “ನಮ್ಮನೆಗೂ ಬಂದೈತೆ ಸಾರ್. ನಮ್ದು ನಿಮ್ಮತ್ರಾನೇ ಐತಲ್ಲ, ನಿಮ್ಮದರಾಗೆ ಒಂದು ಕೊಡಿ.” ಕೊಡುವುದಿಲ್ಲ ಎಂದರೆ ಆಕೆಯದನ್ನು ಹಿಂತಿರುಗಿಸಬೇಕು. ದೇವರಾಯಸಮುದ್ರದ ಪೆಟ್ಟಿಗೆಯನ್ನು ಷೋಕೇಸಿನಿಂದ ತೆಗೆದು ಕೊಟ್ಟೆ. ಶಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಮುನಿವೆಂಕಟಮ್ಮ ಪೆಟ್ಟಿಗೆಯನ್ನು ನಮ್ಮ ಜಗಲಿಯ ಮೇಲೆ ತಂದಿಟ್ಟರು. ಒಳಗೆ ಮೋಟುಬಾಲ ಮೀಸೆ ಕುಣಿಸುತ್ತಿತ್ತು.

“ತಗೊಳಿ ಸಾರ್, ನಿಮ್ ಎಲಕ. ನಮ್ ಬೋನು ಕೊಡಿ.”

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು: “ಅವತ್ತು ನಾನು ಮಹಡಿ ಮೇಲೆ ಹುಣಸೆಹಣ್ಣು ಒಣಗಾಕ್ತಿದ್ದೆ.”

ಬೋನು ತಂದು ಅವರ ಕೈಗಿಟ್ಟೆ. ಆಕೆ ನನ್ನ ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿ, “ಇದೂ ಚೆನ್ನಾಗೇ ಹಿಡಿಯುತ್ತೆ ಸಾರ್, ಸುಮ್ನೆ ಕೂಡಾಕ್ಬಿಟ್ಟಿದ್ರಿ,” ಎಂದರು. ಇಷ್ಟು ವರ್ಷದಲ್ಲಿ ನನ್ನ ಸಂಗ್ರಹವನ್ನು ಯಾರಾದರೂ ಮನಸಾರೆ ಹೊಗಳಿದ್ದು ಅದೇ ಮೊದಲು.

ಈಗ ಪಟ್ಟಿಯನ್ನು ಹೊಸದಾಗಿ ಬರೆಯುತ್ತಿದ್ದೇನೆ. ಹತ್ತೊಂಬತ್ತನೇ ನಂಬರಿನ ಎದುರು ಹೀಗಿದೆ: ‘ಹೆಗ್ಗಣದ ಪೆಟ್ಟಿಗೆ, ದೇವರಾಯಸಮುದ್ರ, ಪೇಟೆಂಟ್. ಸದ್ಯ ಹಾಲಿನವರ ಮನೆಯಲ್ಲಿದೆ.’